ಬಿಸಿಲನಾಡಿನ ಅಡುಗೆಮನೆಯಲ್ಲಿ ಬೆಣ್ಣೆ ಕೇಕ್: ಬೆಣ್ಣೆಯ ಹದದಿಂದ ಹಂಚುವ ಡಬ್ಬಿಯವರೆಗೆ

‘ಅಳತೆಯೆಲ್ಲ ಸರಿಯಾಗಿಯೇ ಹಾಕಿದ್ದೆ, ಕೇಕ್ ಮಾತ್ರ ಅಡಿಯಲ್ಲಿ ಮೇಣದಂತೆ ಕೂತುಬಿಟ್ಟಿತು.’ ‘ಪೇಪರೆಲ್ಲ ಎಣ್ಣೆ ಎಣ್ಣೆ.’ ‘ಉಬ್ಬಲೇ ಇಲ್ಲ, ಬೇಕಿಂಗ್ ಪೌಡರ್ ಇನ್ನಷ್ಟು ಹಾಕಬೇಕಿತ್ತಾ?’ ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಬಹುಪಾಲು ಸಲ ಮೂರಕ್ಕೂ ಕಾರಣ ಒಂದೇ: ಬೆಣ್ಣೆ ಹದ ಮೀರಿ ಮೆತ್ತಗಾಗಿರುತ್ತದೆ.

ಪಾಕವಿಧಾನಗಳಲ್ಲಿ ‘ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿರಲಿ’ ಎಂದು ಬರೆದಿರುತ್ತಾರೆ. ಅದನ್ನು ಬರೆದವರ ಕೋಣೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಅಡುಗೆಮನೆಯೂ ಹೆಚ್ಚು ತಂಪಾಗಿರುವುದಿಲ್ಲ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಅಂದರೆ ನಮ್ಮ ‘ಕೋಣೆಯ ಉಷ್ಣಾಂಶ’ದ ಬೆಣ್ಣೆ ಬೇಸಿಗೆಯಲ್ಲಿ ಎಣ್ಣೆಯೇ. ಆ ಒಂದು ಸಾಲನ್ನು ಮರೆತು, ಬೆಣ್ಣೆಯನ್ನು ಕೈಯಿಂದ ಮುಟ್ಟಿ ಹದ ನೋಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಸಮುದ್ರಮಟ್ಟದಿಂದ ಎತ್ತರದ ಊರುಗಳಲ್ಲಿ ಕೇಕಿನ ಅಳತೆ ಬದಲಿಸಬೇಕು ಎಂದು ಓದಿದವರೂ ಕೇಳುತ್ತಾರೆ. ನಮ್ಮ ಮೂರೂ ಊರು ಸುಮಾರು 400ರಿಂದ 550 ಮೀಟರ್ ಎತ್ತರದಲ್ಲಿವೆ. ಅಷ್ಟಕ್ಕೆ ಏನೂ ಬದಲಿಸಬೇಕಿಲ್ಲ.

ಏನೇನು ಬೇಕು

ಈ ಅಳತೆಗೆ ಸುಮಾರು 900 ಗ್ರಾಂ ಕೇಕ್ ಸಿಗುತ್ತದೆ. 8 ಇಂಚಿನ ಚೌಕ ಟಿನ್ನಿನಲ್ಲಿ ಬೇಯಿಸಿದರೆ ದೊಡ್ಡ ತುಂಡು 16, ಸಣ್ಣದಾದರೆ 25 ಆಗುತ್ತವೆ. ಹಂಚುವುದಕ್ಕೆ ಚೌಕ ಟಿನ್ನೇ ಅನುಕೂಲ: ಎಲ್ಲರಿಗೂ ಸಮನಾದ ತುಂಡು ಬರುತ್ತದೆ, ಡಬ್ಬಿಯಲ್ಲಿ ಜೋಡಿಸುವಾಗ ಜಾಗ ವ್ಯರ್ಥವಾಗುವುದಿಲ್ಲ.

ಬೆಣ್ಣೆ 250 ಗ್ರಾಂ
ಸಕ್ಕರೆ 250 ಗ್ರಾಂ
ಒಡೆದು ತೂಗಿದ ಮೊಟ್ಟೆ 200ರಿಂದ 210 ಗ್ರಾಂ (ಮೊಟ್ಟೆಯ ಗಾತ್ರ ನೋಡಿ 4 ಅಥವಾ 5)
ಮೈದಾ 220 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ
ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಚಮಚದ ಅಂಚಿಗೆ ಸಮ ಮಾಡಿ
ಹಾಲು 60 ಮಿಲಿ ಲೀಟರ್
ವೆನಿಲ್ಲಾ ಎಸೆನ್ಸ್ ಒಂದೂವರೆ ಟೀ ಚಮಚ
ಉಪ್ಪು ಕಾಲು ಟೀ ಚಮಚ (ಬೆಣ್ಣೆಯಲ್ಲಿ ಉಪ್ಪಿದ್ದರೆ ಬೇಡ)

ಸಾಮಾನಿನಲ್ಲಿ ತೂಕದ ಯಂತ್ರ, ಎಲೆಕ್ಟ್ರಿಕ್ ಬೀಟರ್, ಹಿಟ್ಟಿನ ಸಾಣಿಗೆ, ಬಟರ್ ಪೇಪರ್, ಅಲ್ಯೂಮಿನಿಯಂ ಟಿನ್, ತಂತಿ ಜಾಲರಿ ಇರಲಿ. ಇವುಗಳಲ್ಲಿ ಒಂದನ್ನೇ ಕೊಳ್ಳಲು ದುಡ್ಡಿದೆ ಎಂದಾದರೆ ತೂಕದ ಯಂತ್ರ ಕೊಳ್ಳಿ. ಒಂದು ಕಪ್ ಮೈದಾ ಎಂದರೆ ಚಮಚದಲ್ಲಿ ಮೆಲ್ಲಗೆ ತುಂಬಿದರೆ 120 ಗ್ರಾಂ, ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ. ಕೇಕ್ ಒಣಕಲಾಗಲು ಅಷ್ಟು ಸಾಕು.

ಸಾಮಗ್ರಿಯ ಬಗ್ಗೆ ಕೆಲವು ಮಾತು

ಬೆಣ್ಣೆ. ಪ್ಯಾಕೆಟ್ ಬೆಣ್ಣೆಯಲ್ಲಿ ಕನಿಷ್ಠ ಶೇ 80ರಷ್ಟು ಹಾಲಿನ ಕೊಬ್ಬಿರಬೇಕು, ನೀರು ಶೇ 16 ಮೀರಬಾರದು ಎಂಬ ನಿಯಮವಿದೆ. ಹಾಗಾಗಿ ಪ್ರತಿ ಸಲವೂ ಒಂದೇ ಫಲಿತಾಂಶ ಬರುತ್ತದೆ. ನಂದಿನಿ, ಅಮುಲ್ ಎರಡರಲ್ಲೂ ಉಪ್ಪು ಹಾಕಿದ್ದು, ಹಾಕದ್ದು ಸಿಗುತ್ತವೆ. ಉಪ್ಪು ಹಾಕದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹಳದಿ ಬಣ್ಣದ ಉಪ್ಪಿನ ಬೆಣ್ಣೆಯೂ ನಡೆಯುತ್ತದೆ, ಆಗ ಬೇರೆ ಉಪ್ಪು ಹಾಕಬೇಡಿ. ‘ಬೇಕರಿ ಬೆಣ್ಣೆ’ ಎಂದು ಅಗ್ಗಕ್ಕೆ ಮಾರುವುದು ಎಷ್ಟೋ ಸಲ ಮಾರ್ಗರೀನ್, ಅಂದರೆ ಬೆಣ್ಣೆಯ ಹಾಗೆ ಕಾಣುವ ವನಸ್ಪತಿ ಕೊಬ್ಬು. ಅದರಿಂದ ಕೇಕ್ ಚೆನ್ನಾಗಿಯೇ ಉಬ್ಬುತ್ತದೆ, ಆದರೆ ತಿಂದ ಮೇಲೆ ಅಂಗುಳಿಗೆ ಜಿಡ್ಡು ಅಂಟಿಕೊಂಡು ಕೂರುತ್ತದೆ, ಬೆಣ್ಣೆಯ ಪರಿಮಳ ಇರುವುದಿಲ್ಲ. ನಾಲ್ಕು ಜನಕ್ಕೆ ‘ಬೆಣ್ಣೆ ಕೇಕ್’ ಎಂದು ಕೊಡುವುದಾದರೆ ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ಓದಿ ತನ್ನಿ.

ಮನೆಯಲ್ಲಿ ಕಡೆದ ಬೆಣ್ಣೆಯಿಂದ ಆಗುತ್ತದೆಯೇ? ಆಗುತ್ತದೆ, ರುಚಿಯೂ ಚೆನ್ನ. ಆದರೆ ಅದರೊಳಗೆ ಮಜ್ಜಿಗೆ, ನೀರು ಉಳಿದಿರುತ್ತವೆ. ಐಸ್ ನೀರಿನಲ್ಲಿ ಬೆಣ್ಣೆಯನ್ನು ಮೂರು ನಾಲ್ಕು ಸಲ ಹಿಸುಕಿ ತೊಳೆಯಿರಿ. ನೀರು ತಿಳಿಯಾಗುವವರೆಗೂ ಬಿಡಬೇಡಿ. ಆಮೇಲೆ ಅಂಗೈಯಲ್ಲಿ ಒತ್ತಿ ನೀರಿಳಿಸಿ, ಬಟ್ಟೆಯಿಂದ ಒತ್ತಿ ಒರೆಸಿ, ಕೊನೆಗೆ ತೂಗಿ. ಇಷ್ಟು ಮಾಡಿದರೂ ಸ್ವಲ್ಪ ನೀರು ಉಳಿಯುವುದರಿಂದ ಹಾಲನ್ನು 30 ಮಿಲಿ ಲೀಟರಿಗೆ ಇಳಿಸಿ. ಹಲವು ದಿನದ ಕೆನೆ ಕೂಡಿಟ್ಟು ತೆಗೆದ ಹುಳಿ ಬೆಣ್ಣೆ ಬೇಡ, ಆ ವಾಸನೆ ವೆನಿಲ್ಲಾಕ್ಕೂ ಮುಚ್ಚುವುದಿಲ್ಲ. ಅದನ್ನು ಕಾಯಿಸಿ ತುಪ್ಪ ಮಾಡಿ.

ಸಕ್ಕರೆ. ನಮ್ಮ ಕಿರಾಣಿ ಅಂಗಡಿಯ ದಪ್ಪ ಹರಳು ಬೆಣ್ಣೆಯಲ್ಲಿ ಕರಗದೆ ಉಳಿದು ಕೇಕಿನ ಮೇಲೆ ಕಂದು ಚುಕ್ಕೆಯಾಗುತ್ತದೆ. ಮಿಕ್ಸರಿನಲ್ಲಿ ಎರಡು ಮೂರು ಸಲ ಗರ್ ಎನ್ನಿಸಿ ಸಣ್ಣ ರವೆಯಂತೆ ಮಾಡಿಕೊಳ್ಳಿ. ನುಣ್ಣನೆಯ ಪುಡಿ ಮಾಡಬೇಡಿ. ಹರಳಿನ ಮೂಲೆಗಳು ಬೆಣ್ಣೆಯನ್ನು ಕೊರೆದು ಗಾಳಿಗೆ ಜಾಗ ಮಾಡುತ್ತವೆ, ಪುಡಿಗೆ ಆ ಶಕ್ತಿ ಕಡಿಮೆ. ಅಂಗಡಿಯ ಐಸಿಂಗ್ ಶುಗರ್ ಸಹ ಬೇಡ, ಅದರಲ್ಲಿ ಸಾಮಾನ್ಯವಾಗಿ ಪಿಷ್ಟ ಬೆರೆಸಿರುತ್ತಾರೆ.

ಮೊಟ್ಟೆ. ಬೇಸಿಗೆಯಲ್ಲಿ ತತ್ತಿ ಬೇಗ ಕೆಡುತ್ತವೆ. ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು, ಮೂಸಿ, ಆಮೇಲೆ ಕೂಡಿಸಿ. ಐದನೆಯದು ಕೆಟ್ಟು ಮೊದಲ ನಾಲ್ಕೂ ಹಾಳಾಗುವುದು ತಪ್ಪುತ್ತದೆ.

ಬೇಕಿಂಗ್ ಪೌಡರ್. ಡಬ್ಬಿ ತೆರೆದು ಆರು ತಿಂಗಳಾಗಿದ್ದರೆ ಪರೀಕ್ಷಿಸಿ: ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿದರೆ ಬುರುಬುರು ನೊರೆ ಬರಬೇಕು. ಇದರ ಬದಲು ಅಡುಗೆ ಸೋಡಾ ಹಾಕಬೇಡಿ. ಸೋಡಾ ಕೆಲಸ ಮಾಡಲು ಮೊಸರು, ನಿಂಬೆಯಂಥ ಹುಳಿ ಬೇಕು. ಈ ಕೇಕಿನಲ್ಲಿ ಹುಳಿ ಇಲ್ಲ. ಸೋಡಾ ಹಾಗೇ ಉಳಿದು ಸಾಬೂನಿನ ರುಚಿ ಕೊಡುತ್ತದೆ.

ಹಂತ 1: ಹೊತ್ತು ಆರಿಸಿ, ಎಲ್ಲವನ್ನೂ ತೂಗಿಡಿ

ಮಾರ್ಚಿನಿಂದ ಜೂನ್‌ವರೆಗೆ ಬೆಳಗಿನ ಐದರಿಂದ ಏಳರೊಳಗೆ ಹಿಟ್ಟು ಕಲೆಸಿ ಮುಗಿಸಿ. ಮಧ್ಯಾಹ್ನ ಮಾಡಲೇಬೇಕಾದರೆ ಮನೆಯ ಅತಿ ತಂಪಾದ ಕೋಣೆಯಲ್ಲಿ, ಕೂಲರ್ ಮುಂದೆ ಕೂತು ಕಲೆಸಿ. ಉರಿಯುವ ಒಲೆಯ ಪಕ್ಕ ಬೇಡ. ಡಿಸೆಂಬರ್, ಜನವರಿಯಲ್ಲಿ ಈ ಚಿಂತೆ ಕಡಿಮೆ. ಮೊದಲ ಸಲ ಕಲಿಯುವವರು ಆ ತಿಂಗಳುಗಳಲ್ಲಿ ಶುರು ಮಾಡಿದರೆ ಕೈ ಬೇಗ ಕೂರುತ್ತದೆ.

ಬೆಣ್ಣೆ ಹೊರತೆಗೆಯುವ ಮೊದಲೇ ಉಳಿದದ್ದೆಲ್ಲ ತೂಗಿ ಸಿದ್ಧವಿರಲಿ. ಮೈದಾ, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಉಪ್ಪು ಕೂಡಿಸಿ ಎರಡು ಸಲ ಸಾಣಿಸಿ. ಟಿನ್ನಿಗೆ ಬೆಣ್ಣೆ ಸವರಿ, ತಳಕ್ಕೂ ನಾಲ್ಕು ಬದಿಗೂ ಬಟರ್ ಪೇಪರ್ ಹಾಕಿ. ಎರಡು ಬದಿಯಲ್ಲಿ ಪೇಪರ್ ಒಂದಿಂಚು ಹೊರಗೆ ಉಳಿಯಲಿ, ಆಮೇಲೆ ಕೇಕನ್ನು ಅದರಿಂದಲೇ ಎತ್ತಬಹುದು. ದಿನಪತ್ರಿಕೆಯ ಕಾಗದ ಹಾಕಬೇಡಿ, ಬಿಸಿ ಬೆಣ್ಣೆಗೆ ಮಸಿ ಬಿಡುತ್ತದೆ.

ಮೊಟ್ಟೆ, ಹಾಲು ಫ್ರಿಜ್ಜಿನಿಂದ ತೆಗೆದು 15ರಿಂದ 20 ನಿಮಿಷ ಹೊರಗಿರಲಿ. ತೀರಾ ತಣ್ಣಗಿದ್ದರೆ ಬೆಣ್ಣೆ ಗಟ್ಟಿಯಾಗಿ ಮಿಶ್ರಣ ಒಡೆಯುತ್ತದೆ, 38 ಡಿಗ್ರಿಯ ಮೊಟ್ಟೆ ಹಾಕಿದರೆ ಬೆಣ್ಣೆ ಕರಗುತ್ತದೆ.

ಹಂತ 2: ಬೆಣ್ಣೆಯ ಹದ

ಈ ಹಂತವನ್ನು ನಿಧಾನವಾಗಿ ಓದಿ. ನೊರೆಗೂಡಲು ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಬೇಕು. ಫ್ರಿಜ್ಜಿನ ಗಟ್ಟಿ ಬೆಣ್ಣೆಯನ್ನು ಗೋಡಂಬಿ ಗಾತ್ರದ ತುಂಡು ಮಾಡಿ ಸ್ಟೀಲ್ ತಾಟಿನಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಚಳಿಗಾಲದ ಬೆಳಿಗ್ಗೆ ಅರ್ಧ ಗಂಟೆ ಬೇಕಾದೀತು. 30 ಡಿಗ್ರಿಯಿದ್ದರೆ 10ರಿಂದ 15 ನಿಮಿಷ. ಮೇ ತಿಂಗಳ ಮಧ್ಯಾಹ್ನ ಐದೇ ನಿಮಿಷ, ಅದೂ ಕಣ್ಣಿಟ್ಟು ಕಾಯಬೇಕು.

ಗಡಿಯಾರಕ್ಕಿಂತ ಬೆರಳನ್ನು ನಂಬಿ. ತುಂಡಿನ ಮೇಲೆ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಹೊಳೆಯಬಾರದು. ಮುಟ್ಟಿದರೆ ಇನ್ನೂ ತಂಪೆನಿಸಬೇಕು. ಒತ್ತಿದಾಗ ತುಂಡು ಬಿರುಕು ಬಿಟ್ಟರೆ ಇನ್ನೂ ಗಟ್ಟಿ. ಬದಿಗಳು ಮಿರುಗುತ್ತಿದ್ದರೆ, ತಾಟಿನಲ್ಲಿ ಹನಿ ಕಂಡರೆ ಮೀರಿದೆ ಎಂದರ್ಥ. ತಾಟು ಸಮೇತ ಹತ್ತು ನಿಮಿಷ ಫ್ರಿಜ್ಜಿಗಿಡಿ. ಪೂರ್ತಿ ಕರಗಿ ತಿಳಿ, ಗಸಿ ಬೇರೆಯಾಗಿದ್ದರೆ ಮತ್ತೆ ಗಟ್ಟಿ ಮಾಡಿ ಬಳಸಬೇಡಿ. ಬೆಣ್ಣೆಯೊಳಗೆ ಕೊಬ್ಬು, ನೀರು ಒಂದಾಗಿದ್ದ ಕಟ್ಟು ಒಮ್ಮೆ ಕಳಚಿದರೆ ಫ್ರಿಜ್ ಅದನ್ನು ಮತ್ತೆ ಕಟ್ಟುವುದಿಲ್ಲ, ಅಂಥ ಬೆಣ್ಣೆ ಗಾಳಿ ಹಿಡಿಯುವುದಿಲ್ಲ. ಅದನ್ನು ಮುಂದೆ ಹೇಳಿರುವ ಮೊಟ್ಟೆಯಿಲ್ಲದ ಕೇಕಿಗೆ ಎತ್ತಿಡಿ.

ಹಂತ 3: ಬೆಣ್ಣೆ, ಸಕ್ಕರೆ ನೊರೆಗೂಡಿಸುವುದು

ಇದನ್ನೇ ಕ್ರೀಮಿಂಗ್ ಎನ್ನುತ್ತಾರೆ. ಇಲ್ಲಿ ನಡೆಯುವುದು ಕೂಡಿಸುವ ಕೆಲಸವಷ್ಟೇ ಅಲ್ಲ. ಸಕ್ಕರೆಯ ಹರಳು ಬೆಣ್ಣೆಯೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗಾಳಿಗುಳ್ಳೆ ಮಾಡುತ್ತದೆ. ಓವನ್ನಿನಲ್ಲಿ ಬೇಕಿಂಗ್ ಪೌಡರಿನ ಅನಿಲ ಮತ್ತು ಹಿಟ್ಟಿನ ನೀರಿನ ಹಬೆ ಈ ಗುಳ್ಳೆಗಳೊಳಗೇ ಸೇರಿ ಅವನ್ನು ಹಿಗ್ಗಿಸುತ್ತವೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಹುಟ್ಟಿಸುವುದಿಲ್ಲ, ಇದ್ದದ್ದನ್ನು ದೊಡ್ಡದು ಮಾಡುತ್ತದೆ. ಉಬ್ಬದ ಕೇಕಿಗೆ ಪುಡಿ ಹೆಚ್ಚಿಸಿ ಉಪಯೋಗವಿಲ್ಲ ಎನ್ನುವುದು ಇದಕ್ಕೇ.

ಅಗಲ ಬಾಯಿಯ ಸ್ಟೀಲ್ ಬೋಗುಣಿಯಲ್ಲಿ ಬೆಣ್ಣೆಯೊಂದನ್ನೇ ಒಂದು ನಿಮಿಷ ಬೀಟ್ ಮಾಡಿ. ಸಕ್ಕರೆಯನ್ನು ಮೂರು ನಾಲ್ಕು ಕಂತಿನಲ್ಲಿ ಹಾಕುತ್ತ ಮಧ್ಯಮ ವೇಗದಲ್ಲಿ 6ರಿಂದ 8 ನಿಮಿಷ ಮುಂದುವರಿಸಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಬದಿ, ತಳ ಕೆರೆದು ಕೂಡಿಸಿ. ಬೀಟರ್ ಇಲ್ಲದವರು ಮರದ ಸವುಟಿನಿಂದ 15ರಿಂದ 20 ನಿಮಿಷ ತಿರುವಬೇಕಾಗುತ್ತದೆ. ಒಂದೇ ದಿಕ್ಕಿಗೆ ತಿರುವಬೇಕು ಎಂಬ ಮಾತಿಗೆ ಆಧಾರವಿಲ್ಲ. ಕೈ ಸೋತರೆ ದಿಕ್ಕು ಬದಲಿಸಿ.

ಬೀಟರಿನ ತಿಕ್ಕಾಟದಿಂದಲೂ ಬೆಣ್ಣೆ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಬೋಗುಣಿಯನ್ನು ಒಂದು ಪರಾತದಲ್ಲಿಟ್ಟು ಸುತ್ತ ತಣ್ಣೀರು, ನಾಲ್ಕಾರು ಐಸ್ ತುಂಡು ಹಾಕಿಕೊಳ್ಳಿ. ನೀರು ಬೋಗುಣಿಯ ಕಾಲು ಭಾಗ ಮೀರದಿರಲಿ, ಒಳಗೆ ಹನಿ ಸಿಡಿಯಬಾರದು. ಮಿಶ್ರಣ ಹೊಳೆಯತೊಡಗಿದರೆ, ಬೀಟರಿನ ಗೆರೆ ಮೂಡಿ ಕೂಡಲೇ ಮಾಯವಾಗುತ್ತಿದ್ದರೆ ನಿಲ್ಲಿಸಿ. ಹತ್ತು ನಿಮಿಷ ಫ್ರಿಜ್ಜಿಗಿಟ್ಟು ಮತ್ತೆ ಶುರು ಮಾಡಿ.

‘ಬೆಳ್ಳಗಾಗುವವರೆಗೆ’ ಎಂಬ ಗುರುತನ್ನು ಎಲ್ಲರೂ ಹೇಳುತ್ತಾರೆ. ಹಳದಿ ಬೆಣ್ಣೆಗೆ ಅದು ಸರಿ, ಕೆನೆಬಣ್ಣಕ್ಕೆ ತಿರುಗುವುದು ಚೆನ್ನಾಗಿ ಕಾಣುತ್ತದೆ. ಎಮ್ಮೆ ಹಾಲಿನ ಮನೆಬೆಣ್ಣೆ ಮೊದಲೇ ಬೆಳ್ಳಗಿರುವುದರಿಂದ ಬಣ್ಣ ನೋಡಿ ಮೋಸ ಹೋಗುತ್ತೀರಿ. ಗಾತ್ರ ನೋಡಿ: ಮಿಶ್ರಣ ಸುಮಾರು ಒಂದೂವರೆಯಷ್ಟಾಗಿ, ಎತ್ತಿದರೆ ಹಗುರಾಗಿ, ಬೀಟರಿಗೆ ಮೆತ್ತನೆಯ ಹತ್ತಿಯಂತೆ ಅಂಟಿರಬೇಕು. ಬೆರಳಿನಲ್ಲಿ ಉಜ್ಜಿದರೆ ಸಕ್ಕರೆ ಸ್ವಲ್ಪ ತರಿತರಿ ತಾಗಿದರೆ ಪರವಾಗಿಲ್ಲ.

ಹಂತ 4: ಮೊಟ್ಟೆ ಕೂಡಿಸುವುದು

ಮೊಟ್ಟೆಗಳನ್ನು ಫೋರ್ಕಿನಿಂದ ಒಡೆದು ಕಲಕಿ, ವೆನಿಲ್ಲಾ ಸೇರಿಸಿ. ಎರಡು ಮೂರು ದೊಡ್ಡ ಚಮಚದಷ್ಟನ್ನು ಬೆಣ್ಣೆಗೆ ಹಾಕಿ ಬೀಟ್ ಮಾಡಿ, ಪೂರ್ತಿ ಒಳಗೆ ಸೇರಿದ ಮೇಲೆ ಮುಂದಿನ ಕಂತು. ಒಟ್ಟು ಆರೇಳು ಕಂತಾದರೂ ಆಗಲಿ. ಮೊಟ್ಟೆಯ ಬಹುಭಾಗ ನೀರು. ಕೊಬ್ಬು ಅಷ್ಟು ನೀರನ್ನು ಒಮ್ಮೆಲೇ ಹಿಡಿದಿಟ್ಟುಕೊಳ್ಳಲಾರದು. ಅವಸರ ಮಾಡಿದರೆ ಮಿಶ್ರಣ ಒಡೆದ ಹಾಲಿನ ಹಾಗೆ ತರಿತರಿಯಾಗಿ ಬದಿಯಲ್ಲಿ ನೀರು ಬಿಡುತ್ತದೆ.

ಒಡೆಯುವ ಸೂಚನೆ ಕಂಡ ಕೂಡಲೇ ತೂಗಿಟ್ಟ ಮೈದಾದಿಂದ ಒಂದು ದೊಡ್ಡ ಚಮಚ ಹಾಕಿ ಅರ್ಧ ನಿಮಿಷ ಬೀಟ್ ಮಾಡಿ, ಕೂಡಿಕೊಳ್ಳುತ್ತದೆ. ಆಗಲೂ ಕೂಡದಿದ್ದರೆ ಮುಟ್ಟಿ ನೋಡಿ. ಬೋಗುಣಿ ತಣ್ಣಗೆ ಕೊರೆಯುತ್ತಿದ್ದರೆ ಐಸ್ ನೀರಿನಿಂದ ಎತ್ತಿ ಎರಡು ನಿಮಿಷ ಬಿಟ್ಟು ಬೀಟ್ ಮಾಡಿ. ಮಿಶ್ರಣ ತೆಳ್ಳಗೆ ಸೂಪಿನಂತಿದ್ದರೆ ಬೆಣ್ಣೆ ಕರಗಿದೆ, ಫ್ರಿಜ್ಜಿಗಿಡಬೇಕು. ಲಕ್ಷಣ ಒಂದೇ, ಮದ್ದು ತದ್ವಿರುದ್ಧ, ಅದಕ್ಕೇ ಮುಟ್ಟಿ ನೋಡಿ ಎಂದದ್ದು. ಒಡೆದದ್ದನ್ನು ಹಾಗೆಯೇ ಬೇಯಿಸಿದರೆ ಅಡಿಯಲ್ಲಿ ಮೇಣದಂಥ ಪಟ್ಟಿ ಬರುತ್ತದೆ.

ಈ ಹಂತ ಮುಗಿಯುವ ಮೊದಲು ಓವನ್ ಹಚ್ಚಿ: 160 ಡಿಗ್ರಿ, ಮೇಲಿನ ಕೆಳಗಿನ ಎರಡೂ ರಾಡ್, ಫ್ಯಾನ್ ಬೇಡ, ಕನಿಷ್ಠ 15 ನಿಮಿಷ ಖಾಲಿ ಕಾಯಲಿ.

ಹಂತ 5: ಮೈದಾ, ಹಾಲು

ಇನ್ನು ಬೀಟರ್ ಬದಿಗಿಡಿ. ಹೋಳಿಗೆಯ ಕಣಕವನ್ನು ನಾದಿ ನಾದಿ ಜಿಗುಟು ಬರಿಸುತ್ತೇವಲ್ಲ, ಆ ಜಿಗುಟೇ ಗ್ಲುಟೆನ್. ಹೋಳಿಗೆಗೆ ಅದು ಬೇಕು. ಕೇಕಿಗೆ ಬಂದರೆ ರಬ್ಬರಿನಂತಾಗುತ್ತದೆ, ಕತ್ತರಿಸಿದಾಗ ಇರುವೆ ಗೂಡಿನಂಥ ಉದ್ದ ತೂತುಗಳು ಕಾಣುತ್ತವೆ.

ಮೈದಾವನ್ನು ಮೂರು ಪಾಲು, ಹಾಲನ್ನು ಎರಡು ಪಾಲು ಮಾಡಿ. ಮೈದಾ, ಹಾಲು, ಮೈದಾ, ಹಾಲು, ಮೈದಾ ಈ ಕ್ರಮದಲ್ಲಿ ಹಾಕಿ. ರಬ್ಬರ್ ಸವುಟನ್ನು ತಳದಿಂದ ಎತ್ತಿ ಮೇಲಕ್ಕೆ ಮಗುಚುತ್ತ, ಬೋಗುಣಿ ತಿರುಗಿಸುತ್ತ ಕೂಡಿಸಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಬೇಕು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ: ಚಮಚ ಓರೆ ಮಾಡಿದರೆ ಸುರಿಯದೆ, ಒಂದು ಕ್ಷಣ ತಡೆದು ಮುದ್ದೆಯಾಗಿ ಬೀಳಬೇಕು.

ಗೋಡಂಬಿ, ಟೂಟಿ ಫ್ರೂಟಿ ಬೇಕೆಂದರೆ 100 ಗ್ರಾಂ ಮೀರದಂತೆ, ಒಂದು ಚಮಚ ಮೈದಾದಲ್ಲಿ ಹೊರಳಿಸಿ ಈಗ ಸೇರಿಸಿ. ಏಲಕ್ಕಿ ಪುಡಿ ಅರ್ಧ ಚಮಚ ಬೆಣ್ಣೆಗೆ ಚೆನ್ನಾಗಿ ಹೊಂದುತ್ತದೆ, ಅದನ್ನು ಹಾಕುವುದಾದರೆ ಹಂತ 4ರಲ್ಲಿ ವೆನಿಲ್ಲಾ ಹಾಕಬೇಡಿ.

ಟಿನ್ನಿಗೆ ಹಾಕಿ ಮೇಲ್ಭಾಗ ಸಮ ಮಾಡಿ, ನಡುವೆ ಸ್ವಲ್ಪ ತಗ್ಗಾಗಿರಲಿ. ಟಿನ್ನಿನ ಅರ್ಧಕ್ಕಿಂತ ತುಸು ಹೆಚ್ಚು ತುಂಬಿರಬೇಕು, ಮುಕ್ಕಾಲು ದಾಟಿದರೆ ಉಕ್ಕಿ ಹೊರಚೆಲ್ಲುತ್ತದೆ. ಬಟ್ಟೆ ಹಾಸಿದ ಕಟ್ಟೆಯ ಮೇಲೆ ಎರಡು ಸಲ ತಟ್ಟಿ.

ಹಂತ 6: ಬೇಯಿಸುವುದು

ಕೇಕ್ ಓವನ್ನಿನ ನಟ್ಟನಡುವೆ ಬರುವಂತೆ ಜಾಲರಿ ಇಡಿ. ಚೌಕ ಟಿನ್ನಿಗೆ 45ರಿಂದ 55 ನಿಮಿಷ, 8 ಇಂಚಿನ ದುಂಡು ಟಿನ್ನಿಗೆ 55ರಿಂದ 65. ಕಪ್ಪು ನಾನ್‌ಸ್ಟಿಕ್ ಟಿನ್ನಾದರೆ 150 ಡಿಗ್ರಿ ಸಾಕು, ಕಪ್ಪು ಬಣ್ಣ ಶಾಖವನ್ನು ಹೆಚ್ಚು ಹೀರುತ್ತದೆ. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಫ್ಯಾನ್ ನಿಲ್ಲಿಸಲು ಬಾರದ್ದರಿಂದ ಅಲ್ಲಿಯೂ 150. ಓಟಿಜಿ, ಅಂದರೆ ಮನೆಬಳಕೆಯ ಸಣ್ಣ ವಿದ್ಯುತ್ ಓವನ್‌ಗಳ ಗುಂಡಿಯ ಮೇಲೆ ಬರೆದ ಶಾಖ, ಒಳಗಿನ ಶಾಖ ಎಷ್ಟೋ ಸಲ 15, 20 ಡಿಗ್ರಿ ಬೇರೆ ಇರುತ್ತದೆ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಇದು ತಿಳಿಯುತ್ತದೆ.

ಮೊದಲ 40 ನಿಮಿಷ ಬಾಗಿಲು ತೆರೆಯಬೇಡಿ. ನಡುಭಾಗ ಇನ್ನೂ ಹಸಿಯಿರುವಾಗ ತಣ್ಣನೆ ಗಾಳಿ ನುಗ್ಗಿದರೆ ಕುಸಿಯುತ್ತದೆ. ಆಮೇಲೆ ಮೇಲೆ ಬೇಗ ಕಂದಾಗುತ್ತಿದ್ದರೆ ಫಾಯಿಲ್ ಸಡಿಲವಾಗಿ ಹೊದಿಸಿ. ಮೇಲೊಂದು ಬಿರುಕು ಬರುವುದು ಈ ಕೇಕಿನ ಸ್ವಭಾವ, ಗಾಬರಿ ಬೇಡ.

ಬೆಂದದ್ದಕ್ಕೆ ಗುರುತು: ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ಒಣ ಪುಡಿ ಇದ್ದರೆ ಸರಿ. ಬದಿಗಳು ಪೇಪರಿನಿಂದ ಕೂದಲೆಳೆಯಷ್ಟು ಬಿಟ್ಟಿರುತ್ತವೆ. ಬೆರಳಿನಿಂದ ಒತ್ತಿದರೆ ಮರಳಿ ಏಳುತ್ತದೆ. ಒಳಶಾಖ ಅಳೆಯುವ ಕಡ್ಡಿಯಿದ್ದರೆ 96ರಿಂದ 98 ಡಿಗ್ರಿ ತೋರಿಸಬೇಕು. ‘ಇರಲಿ, ಇನ್ನೂ ಹತ್ತು ನಿಮಿಷ’ ಎಂದು ಬಿಟ್ಟರೆ ಅಷ್ಟು ಬೆಣ್ಣೆ ಹಾಕಿಯೂ ಕೇಕ್ ಒಣಗುತ್ತದೆ.

ಕರೆಂಟ್ ಹೋದರೆ? ಹಿಟ್ಟು ಟಿನ್ನಿನಲ್ಲಿದ್ದು ಇನ್ನೂ ಓವನ್ನಿಗೆ ಇಟ್ಟಿಲ್ಲವೆಂದರೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಒಂದು ಗಂಟೆಯವರೆಗೆ ತಡೆಯುತ್ತದೆ. ಬೇಯಿಸುವ ಹೊತ್ತಿಗೆ ಐದಾರು ನಿಮಿಷ ಸೇರಿಸಿ. ಬೇಯುತ್ತಿರುವಾಗ ಹೋದರೆ ಬಾಗಿಲು ಮುಟ್ಟಬೇಡಿ. ಹತ್ತು ನಿಮಿಷದೊಳಗೆ ಬಂದರೆ ಅಷ್ಟೇ ನಿಮಿಷ ಹೆಚ್ಚು ಬೇಯಿಸಿದರೆ ಆಯಿತು. ಬರುವ ಸೂಚನೆ ಇಲ್ಲದಿದ್ದರೆ, ಕೇಕ್ 35 ನಿಮಿಷವಾದರೂ ಬೆಂದಿದ್ದರೆ, ಗ್ಯಾಸ್ ಮೇಲೆ ದಪ್ಪ ತಳದ ಪಾತ್ರೆ ಕಾಯಿಸಿ ಟಿನ್ನನ್ನು ಅದಕ್ಕೆ ದಾಟಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಮುಗಿಸಿ. ವಿದ್ಯುತ್ ಕಡಿತದ ಪ್ರಕಟಣೆ ಪತ್ರಿಕೆಯಲ್ಲಿ ಬಂದಿರುತ್ತದೆ, ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಓವನ್ ಇಲ್ಲದವರಿಗೆ

ಅಳತೆ ಅರ್ಧ ಮಾಡಿ 6 ಇಂಚಿನ ದುಂಡು ಟಿನ್ನಿನಲ್ಲಿ ಬೇಯಿಸಿ. ದಪ್ಪ ಅಲ್ಯೂಮಿನಿಯಂ ಪಾತ್ರೆಯ ತಳಕ್ಕೆ ಎರಡು ಕಪ್ ಹರಳುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ. ಟಿನ್ ಇಟ್ಟ ಮೇಲೆ ಸಣ್ಣ ಒಲೆಯ ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ. ಟಿನ್ ಪಾತ್ರೆಯ ಬದಿಗೆ ತಾಗಬಾರದು. ಕುಕ್ಕರನ್ನೇ ಬಳಸುವವರು ಒಳಗಿನ ರಬ್ಬರ್, ಮೇಲಿನ ಸೀಟಿ ಎರಡನ್ನೂ ತಪ್ಪದೆ ತೆಗೆಯಿರಿ, ನೀರು ಹಾಕಬೇಡಿ. ಮೇಲಿನಿಂದ ಶಾಖ ಇಲ್ಲದ್ದರಿಂದ ಕೇಕ್ ಮೇಲೆ ಕಂದಾಗುವುದಿಲ್ಲ. ಬೆಂದಿಲ್ಲವೆಂದು ತಿಳಿದು ಬಿಟ್ಟರೆ ಅಡಿ ಸೀದುಹೋಗುತ್ತದೆ. ಕಡ್ಡಿಯನ್ನೇ ನಂಬಿ.

ಮೊಟ್ಟೆ ತಿನ್ನದವರಿಗೆ

ಮೇಲಿನ ಅಳತೆಯಲ್ಲಿ ಮೊಟ್ಟೆ ತೆಗೆದು ಮೊಸರು ಹಾಕಿದರೆ ಈ ಕೇಕ್ ಬರುವುದಿಲ್ಲ. ಕಟ್ಟು ಕೊಡುವುದೇ ಮೊಟ್ಟೆ. ಅದಕ್ಕೆ ಲೆಕ್ಕವೇ ಬೇರೆ: ಕಂಡೆನ್ಸ್ಡ್ ಮಿಲ್ಕ್, ಅಂದರೆ ಸಕ್ಕರೆ ಹಾಕಿ ಬತ್ತಿಸಿದ ಡಬ್ಬಿ ಹಾಲು, 400 ಗ್ರಾಂ, ಕರಗಿಸಿದ ಬೆಣ್ಣೆ 120 ಗ್ರಾಂ, ಮೈದಾ 280 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ 1 ಟೀ ಚಮಚ, ನೀರು 150 ಮಿಲಿ ಲೀಟರ್, ವೆನಿಲ್ಲಾ. ಒಣದ್ದನ್ನು ಸಾಣಿಸಿ, ಹಸಿಯದ್ದನ್ನು ಕಲಕಿ, ಎರಡನ್ನೂ ಕೂಡಿಸಿ ತಡಮಾಡದೆ 170 ಡಿಗ್ರಿಯಲ್ಲಿ 40 ನಿಮಿಷದ ಸುಮಾರು ಬೇಯಿಸಿ. ಇದರಲ್ಲಿ ನೊರೆಗೂಡಿಸುವ ಕೆಲಸವಿಲ್ಲ, ಬೆಣ್ಣೆ ಕರಗಿದ್ದರೂ ನಡೆಯುತ್ತದೆ. ಮೇ ತಿಂಗಳ ಉರಿಬಿಸಿಲಿಗೆ ಹೊಸಬರಿಗೆ ಇದೇ ಸುಲಭ. ಒಳ ರಚನೆ ಮಾತ್ರ ಮೊಟ್ಟೆಯ ಕೇಕಿನಷ್ಟು ಬಿಗಿಯಾಗಿ, ನುಣುಪಾಗಿ ಇರುವುದಿಲ್ಲ.

ಹಂತ 7: ಆರಿಸುವುದು, ಕತ್ತರಿಸುವುದು

ಓವನ್ನಿನಿಂದ ತೆಗೆದು ಟಿನ್ನಿನಲ್ಲೇ ಹತ್ತು ನಿಮಿಷ ಬಿಡಿ. ಆಮೇಲೆ ಪೇಪರ್ ಹಿಡಿದು ಎತ್ತಿ ತಂತಿ ಜಾಲರಿಯ ಮೇಲಿಡಿ; ಟಿನ್ನಿನಲ್ಲೇ ಬಿಟ್ಟರೆ ಹಬೆ ನೀರಾಗಿ ಅಡಿ ಒದ್ದೆಯಾಗುತ್ತದೆ. ಕನಿಷ್ಠ ಎರಡು ಗಂಟೆ ಆರಲಿ.

ಇಲ್ಲೂ ನಮ್ಮ ಬಿಸಿಲು ತನ್ನ ಕೈ ತೋರಿಸುತ್ತದೆ. 38 ಡಿಗ್ರಿಯ ಕೋಣೆಯಲ್ಲಿ ಕೇಕ್ ಎಷ್ಟು ಹೊತ್ತಿಟ್ಟರೂ 38ಕ್ಕಿಂತ ಕೆಳಗಿಳಿಯುವುದಿಲ್ಲ. ಒಳಗಿನ ಬೆಣ್ಣೆ ದ್ರವವಾಗಿಯೇ ಇದ್ದು ಚಾಕು ಹಾಕಿದರೆ ಪುಡಿಪುಡಿಯಾಗುತ್ತದೆ. ಬೇಸಿಗೆಯಲ್ಲಿ ಆರಿದ ಕೇಕನ್ನು ಪೇಪರ್ ಸುತ್ತಿ ಫ್ರಿಜ್ಜಿನಲ್ಲಿ 30ರಿಂದ 40 ನಿಮಿಷ ಇಟ್ಟು ಆಮೇಲೆ ಕತ್ತರಿಸಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಬಳಸಿ, ಒತ್ತದೆ ಗರಗಸದಂತೆ ಎಳೆಯಿರಿ, ಪ್ರತಿ ಕೊಯ್ತಕ್ಕೂ ಚಾಕು ಒರೆಸಿ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಗೆರೆ ಕೊಯ್ದರೆ 25 ತುಂಡು. ಮಾಡಿದ ದಿನಕ್ಕಿಂತ ಮರುದಿನ ಬೆಣ್ಣೆಯ ರುಚಿ ಚೆನ್ನಾಗಿ ಕೂರುತ್ತದೆ, ಕೊಯ್ತವೂ ನೀಟಾಗಿ ಬರುತ್ತದೆ. ಹಂಚುವ ಹಿಂದಿನ ದಿನ ಬೇಯಿಸುವುದು ಲೇಸು.

ಕೆಟ್ಟರೆ ಕಾರಣ ಎಲ್ಲಿ ಹುಡುಕಬೇಕು

ಅಡಿಯಲ್ಲಿ ಮೇಣದ ಪಟ್ಟಿ ಬಂದರೆ ಮಿಶ್ರಣ ಒಡೆದಿತ್ತು, ಬೆಣ್ಣೆ ಕರಗಿತ್ತು, ಇಲ್ಲವೇ ಬೆಂದಿರಲಿಲ್ಲ. ನಡುವೆ ಕುಸಿದಿದ್ದರೆ ಬಾಗಿಲು ಬೇಗ ತೆರೆದಿರಿ ಅಥವಾ ಬೇಕಿಂಗ್ ಪೌಡರ್ ಹೆಚ್ಚಾಯಿತು; ಹೆಚ್ಚಾದಾಗ ಗುಳ್ಳೆಗಳು ತಡೆಯಲಾರದಷ್ಟು ಹಿಗ್ಗಿ ಒಡೆಯುತ್ತವೆ. ನಡುವೆ ಗುಡ್ಡದಂತೆ ಎದ್ದು ಬದಿ ಗಟ್ಟಿಯಾದರೆ ಓವನ್ ಬಿಸಿ ಹೆಚ್ಚು, ಮುಂದಿನ ಸಲ 10 ಡಿಗ್ರಿ ಇಳಿಸಿ. ಪೇಪರ್ ಎಣ್ಣೆಯಾದರೆ ಹಂತ 2ಕ್ಕೆ ಮರಳಿ.

ಕುಸಿದರೂ ಬೆಂದಿದ್ದರೆ ಎಸೆಯಬೇಡಿ. ತೆಳ್ಳಗೆ ಕೊಯ್ದು 120 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿದರೆ ಚಹಾದ ಜೊತೆ ಒಳ್ಳೆಯ ಕೇಕ್ ರಸ್ಕ್ ಆಗುತ್ತದೆ.

ಹಂತ 8: ಹಂಚುವುದು, ಒಯ್ಯುವುದು

ಐವತ್ತು ಜನಕ್ಕೆ ಬೇಕೆಂದರೆ ದುಪ್ಪಟ್ಟು ಹಿಟ್ಟನ್ನು ಒಂದೇ ಟಿನ್ನಿಗೆ ತುಂಬಬೇಡಿ. ನಡುಭಾಗ ಬೇಯುವಷ್ಟರಲ್ಲಿ ಬದಿ ಸೀದಿರುತ್ತದೆ. ಒಂದಾದ ಮೇಲೊಂದು ಎರಡು ಸಲ ಬೇಯಿಸಿ, ಎರಡನೆಯ ಸಲದ ಹಿಟ್ಟನ್ನು ಮೊದಲನೆಯದು ಬೆಂದ ಮೇಲೆಯೇ ಕಲೆಸಿ.

ಕ್ರಿಸ್‌ಮಸ್ ಇರಲಿ, ಓಣಿಯ ಮಕ್ಕಳ ಹುಟ್ಟುಹಬ್ಬ ಇರಲಿ, ಆಫೀಸಿನವರಿಗೆ ಕೊಡುವುದಿರಲಿ, ಮೊಟ್ಟೆ ಹಾಕಿದ್ದೀರೋ ಇಲ್ಲವೋ ಎಂದು ಕೇಳುವ ಮೊದಲೇ ಹೇಳಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಎರಡೂ ಬಗೆ ಮಾಡಿದ್ದರೆ ಡಬ್ಬಿ, ಚಾಕು, ಸವುಟು ಬೇರೆ ಬೇರೆ ಇರಲಿ. ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ. ಹಾಲು, ಗೋಧಿ, ಗೋಡಂಬಿ ಒಗ್ಗದವರೂ ಇರುತ್ತಾರೆ, ಏನೇನು ಹಾಕಿದ್ದೀರೆಂದು ಒಂದು ಚೀಟಿ ಇಡಿ.

ಸಿಂಧನೂರಿಗೋ ಗಂಗಾವತಿಗೋ ಬಸ್ಸಿನಲ್ಲಿ ಒಯ್ಯುವುದಾದರೆ ಕತ್ತರಿಸದೆ ಇಡಿಯಾಗಿಯೇ ಒಯ್ದು ಅಲ್ಲಿ ಕತ್ತರಿಸಿ. ತುಂಡು ಮಾಡಿಯೇ ಒಯ್ಯಬೇಕೆಂದರೆ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಅಲುಗಾಡದಂತೆ ಜೋಡಿಸಿ. ಬಿಸಿಲು ಬೀಳುವ ಕಿಟಕಿಯ ಪಕ್ಕ, ಎಂಜಿನ್ ಹತ್ತಿರ ಇಡಬೇಡಿ.

ಚಳಿಗಾಲದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಹೊರಗೆ ಎರಡು ಮೂರು ದಿನ ಇರುತ್ತದೆ, ಬೇಸಿಗೆಯಲ್ಲಿ ಒಂದೇ ದಿನ. ಫ್ರಿಜ್ಜಿನಲ್ಲಿ ಐದಾರು ದಿನ ಇಡಬಹುದು, ಆದರೆ ಬೆಣ್ಣೆ ಹೆಪ್ಪುಗಟ್ಟಿ ಕೇಕ್ ಕಲ್ಲಿನಂತೆ ಕಾಣುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಡಬ್ಬಿ ಮುಚ್ಚಿದಂತೆಯೇ ಹೊರಗಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಮುಚ್ಚಳ ತೆಗೆದಿಟ್ಟರೆ ಮೇಲೆ ಬೆವರು ಹನಿಗಟ್ಟಿ ಅಂಟಂಟಾಗುತ್ತದೆ.